ಬೋರ್ ಹೋಗಿದೆ ಅನ್ನೋ ಮುಂಚೆ

ಹಳೇ ಪಿಕಪ್ ಎಳೀತಿಲ್ಲ, ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಸೈಲೆನ್ಸರ್‌ನಲ್ಲಿ ಹೊಗೆ ಜಾಸ್ತಿ ಅಂತ ಯಾರ ಹತ್ರನಾದ್ರೂ ಹೇಳಿ ನೋಡಿ, ಬಾನೆಟ್ ಎತ್ತೋ ಮುಂಚೆನೇ ತೀರ್ಪು ಬಂದುಬಿಡುತ್ತೆ, "ಬೋರ್ ಹೋಗಿದೆ, ಇಂಜಿನ್ ಕೆಲಸ ಮಾಡ್ಸಿ" ಅಂತ. ಬೋರ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡೆ, ಅದು ಸವೆದುಹೋಗಿದೆ ಅಂತ ಅರ್ಥ. ಈ ಒಂದು ಮಾತಿಗೆ ಸಾಲ ಮಾಡಿದವರನ್ನ, ಮನೆಯವರ ಒಡವೆ ಗಿರವಿ ಇಟ್ಟವರನ್ನ ನಾನು ಕಣ್ಣಾರೆ ನೋಡಿದೀನಿ. ಪಿಕಪ್ ಇಟ್ಕೊಂಡಿರೋರು ಏನು ದೊಡ್ಡ ಸಾಹುಕಾರ್ರಾ, ಶುಂಠಿ, ಆಲೂಗಡ್ಡೆ, ಮೆಣಸಿನಕಾಯಿ, ಕೋಳಿ, ಸಿಮೆಂಟು ಅಂತ ಸಿಕ್ಕಿದ ಬಾಡಿಗೆ ಹೊಡ್ಕೊಂಡು ತಿಂಗಳ ಕಂತು ಕಟ್ಟೋ ಜನ. ಗಾಡಿ ಶೆಡ್‌ನಲ್ಲಿ ನಿಂತ್ರೆ ಅವತ್ತಿನ ದುಡಿಮೆ ನಿಂತಂಗೇ, ಅದರ ಮೇಲೆ ಬೇಡದ ಇಂಜಿನ್ ಕೆಲಸದ ಬಿಲ್ಲೂ ಬಿದ್ರೆ ಮೇಲೇಳೋಕೆ ವರ್ಷ ಬೇಕು. ಬೋರ್ ನಿಜವಾಗ್ಲೂ ಹೋಗಿದ್ರೆ ಮಾಡಿಸ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೋಗಿದ್ಯಾ ಇಲ್ವಾ ಅಂತ ಅಳೆದು ನೋಡೋಕೆ ದಾರಿ ಇದೆ, ಅದಕ್ಕೆ ಅರ್ಧ ದಿನದ ಕೆಲಸ ಸಾಕು, ಅದನ್ನ ಮಾಡದೇನೆ ಇಂಜಿನ್ ಬಿಚ್ಚಬೇಡಿ ಅನ್ನೋದೊಂದೇ ನಾನಿಲ್ಲಿ ಹೇಳೋಕೆ ಹೊರಟಿರೋದು.

ನಮ್ಮ ಚಿಕ್ಕಪ್ಪನ ಮಗನ ಹತ್ರ ಒಂದು ಹಳೇ ಪಿಕಪ್ ಇದೆ. ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್, ಡೀಸೆಲ್ ಸೀದಾ ಸಿಲಿಂಡರ್ ಒಳಗೇ ಸಿಂಪಡಿಸೋ ಡಿಐ ಇಂಜಿನ್, ಗಾಳಿ ಒತ್ತಿ ತುಂಬೋ ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ, ಡೀಸೆಲ್ ಪಂಪು, ಅದನ್ನ ಸಿಂಪಡಿಸೋ ನಾಜಲ್ ಎಲ್ಲಾ ಮೆಕ್ಯಾನಿಕಲ್. ಹಾಸನದಿಂದ ತರಕಾರಿ ತುಂಬ್ಕೊಂಡು ಮಂಗಳೂರಿಗೆ ಇಳಿಯೋದು, ಬರ್ತಾ ಮೀನೋ ಹೆಂಚೋ ಏನು ಸಿಕ್ಕಿದ್ರೆ ಅದು ಹಾಕ್ಕೊಂಡು ಶಿರಾಡಿ ಘಾಟ್ ಹತ್ತೋದು, ಇದೇ ಅದರ ಜೀವನ. ಘಾಟ್ ರೋಡ್ ಯಾವ ಇಂಜಿನ್ನಿನ ಬಂಡವಾಳವನ್ನೂ ಮುಚ್ಚಿಡಲ್ಲ. ಗುಂಡ್ಯ ದಾಟಿ ಕೆಂಪುಹೊಳೆ ಪಕ್ಕದಲ್ಲಿ ಏರು ಶುರುವಾದ ಮೇಲೆ ಮಾರನಹಳ್ಳಿ, ದೋಣಿಗಾಲ್ ತನಕ ಗಾಡಿ ಉಸಿರು ಬಿಡೋಕೆ ಜಾಗನೇ ಇಲ್ಲ, ಮುಂಚೆ ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಈಗ ಎರಡಕ್ಕೆ ಇಳಿದ್ರೂ ಏದುಸಿರು ಬಿಡ್ತಿತ್ತು, ಹಿಂದೆ ಕಪ್ಪು ಹೊಗೆ, ಅದರ ಹಿಂದೆ ಹಾರ್ನ್ ಹೊಡೀತಾ ಬಸ್ಸುಗಳ ಸಾಲು. ಬೆಳಗ್ಗೆ ತಣ್ಣಗಿರೋವಾಗ ಬೇರೆ ತೊಂದ್ರೆ, ಸೆಲ್ಫ್ ಹೊಡೆದ್ರೆ ತುಂಬಾ ಹೊತ್ತು ತಿರುಗಿ ಸ್ಟಾರ್ಟ್ ಆಗೋದು, ಸ್ವಲ್ಪ ಹೊತ್ತು ಒಂದು ಸಿಲಿಂಡರ್ ಹತ್ತಿಕೊಳ್ಳದೆ ಮಿಸ್ಸಿಂಗ್, ಕಣ್ಣುರಿಯೋ ಬಿಳಿ ಹೊಗೆ, ಬಾನೆಟ್ ಒಳಗಿಂದ ಚಫ್ ಚಫ್ ಅಂತ ಸದ್ದು, ಇಂಜಿನ್ ಬಿಸಿ ಆಗ್ತಾ ಆಗ್ತಾ ಇದೆಲ್ಲಾ ನಿಲ್ಲೋದು. ಮೊದಲು ತೋರ್ಸಿದ ಶೆಡ್‌ನಲ್ಲಿ ಹೊಗೆ ನೋಡಿ "ಫುಲ್ ಇಂಜಿನ್, ಲಕ್ಷದ ಹತ್ರ ಇಟ್ಕೊಳ್ಳಿ" ಅಂದ್ರು. ಅಲ್ಲಿಂದ ಗಾಡಿ ತಿರುಗಿಸ್ಕೊಂಡು ಬಿ.ಎಂ. ರೋಡಲ್ಲಿ ನಮಗೆ ಗೊತ್ತಿರೋ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಹೋದ್ವಿ. ಎಲ್ಲರೂ ಅವರನ್ನ ಭಾಯ್ ಅಂತಲೇ ಕರೆಯೋದು, ಇಲ್ಲೂ ಅದೇ ಇರಲಿ.

ಮುಂದೆ ಹೋಗೋ ಮುಂಚೆ ಕಂಪ್ರೆಷನ್ ಅಂದ್ರೇನು ಅಂತ ಒಂದು ಮಾತು ಹೇಳ್ಬೇಕು, ಯಾಕಂದ್ರೆ ಇದು ಗೊತ್ತಿಲ್ದೇ ಹೊಗೆ ಬಣ್ಣ ನೋಡಿ ಏನೂ ತಿಳಿಯಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಬೆಂಕಿ ಹಚ್ಚೋಕೆ ಪ್ಲಗ್ ಇದೆ. ಡೀಸೆಲ್‌ನಲ್ಲಿ ಪ್ಲಗ್ ಇಲ್ಲ, ಒಳಗೆ ಎಳ್ಕೊಂಡ ಗಾಳಿನ ಪಿಸ್ಟನ್ ಹದಿನಾರು, ಹದಿನೆಂಟು ಪಾಲು ಚಿಕ್ಕದಾಗೋ ತನಕ ಒತ್ತುತ್ತೆ, ಆ ಒತ್ತಡಕ್ಕೇ ಗಾಳಿ ಐನೂರು ಡಿಗ್ರಿ ಆಸುಪಾಸು ಕಾಯುತ್ತೆ, ಆಗ ನಾಜಲ್ ಡೀಸೆಲ್ ಸಿಂಪಡಿಸಿದ್ರೆ ತಾನಾಗೇ ಹತ್ತಿಕೊಳ್ಳುತ್ತೆ. ಸೈಕಲ್‌ಗೆ ಪಂಪ್ ಹೊಡೆಯೋವಾಗ ಪಂಪಿನ ಬುಡ ಕೈ ಸುಡೋ ಹಂಗಾಗುತ್ತಲ್ಲ, ಅದೇ ಕೆಲಸ. ಈಗ ಒಂದು ಸಿಲಿಂಡರ್‌ನಲ್ಲಿ ಗಾಳಿ ಎಲ್ಲೋ ಸೋರ್ತಿದೆ ಅಂದ್ಕೊಳ್ಳಿ, ಒತ್ತಡ ಏರಲ್ಲ, ಒತ್ತಡ ಇಲ್ದಿದ್ರೆ ಕಾವೂ ಇಲ್ಲ, ಸಿಂಪಡಿಸಿದ ಡೀಸೆಲ್ ಸುಡದೆ ಆವಿಯಾಗಿ ಹಿಂದೆ ಬಿಳಿ ಹೊಗೆಯಾಗಿ ಬರುತ್ತೆ. ಇಂಜಿನ್ ಬಿಸಿ ಆದ ಮೇಲೆ ಲೋಹದ ಕಾವೂ ಸೇರಿಕೊಂಡು ಆ ಸಿಲಿಂಡರೂ ಹೆಂಗೋ ಹತ್ತಿಕೊಳ್ಳುತ್ತೆ. ಬೆಳಗ್ಗೆ ಮಾತ್ರ ಮಿಸ್ಸಿಂಗ್ ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಹೊಗೆ ಬಣ್ಣದ ಲೆಕ್ಕ ಎಲ್ಲರಿಗೂ ಅರ್ಧ ಗೊತ್ತು. ನೀಲಿ ಅಂದ್ರೆ ಆಯಿಲ್ ಸುಡ್ತಿದೆ, ಕಪ್ಪು ಅಂದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ, ಬಿಳಿ ಅಂದ್ರೆ ಸುಡದ ಡೀಸೆಲ್ ಇಲ್ಲಾ ರೇಡಿಯೇಟರ್ ನೀರು. ಬಿಳಿ ಹೊಗೆ ಕಣ್ಣುರಿದ್ರೆ ಡೀಸೆಲ್, ಸಿಹಿ ವಾಸನೆ ಬಂದು ಕೂಲೆಂಟ್ ಕಮ್ಮಿ ಆಗ್ತಿದ್ರೆ ಹೆಡ್ ಪ್ಯಾಕಿಂಗ್ ಕಡೆ, ಅಂದ್ರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದ (ಹೆಡ್) ಕೆಳಗಿನ ಪ್ಯಾಕಿಂಗ್ ಕಡೆ, ಅನುಮಾನ. ಆದ್ರೆ ಬೋರ್ ಸವೆದು ಪಿಸ್ಟನ್ ಸುತ್ತ ಇರೋ ರಿಂಗ್ ಸಡಿಲ ಆಗಿದೆ ಅನ್ನಬೇಕಾದ್ರೆ ಸಾಮಾನ್ಯವಾಗಿ ನೀಲಿ ಹೊಗೆ, ಆಯಿಲ್ ಖಾಲಿ ಆಗೋದು, ಬ್ಯಾಕ್ ಕಂಪ್ರೆಷನ್ (ಸುಟ್ಟ ಗ್ಯಾಸ್ ಕೆಳಗೆ ಆಯಿಲ್ ಕಡೆ ನುಗ್ಗೋದು) ಇವೆಲ್ಲಾ ಜೊತೆಜೊತೆಗೇ ಕಾಣ್ಬೇಕು. ನಮ್ಮ ಗಾಡಿಲಿ ಆಯಿಲ್ ಕಡ್ಡಿ ನೋಡಿದ್ರೆ ಸರ್ವಿಸಿಂದ ಸರ್ವಿಸಿಗೆ ಅಂಥಾ ಇಳಿಕೆ ಏನೂ ಇರ್ಲಿಲ್ಲ. ಭಾಯ್ ಮೊದಲು ಕೇಳಿದ್ದೂ ಅದನ್ನೇ, "ಆಯಿಲ್ ಎಷ್ಟು ಕುಡಿಯುತ್ತೆ ಅಣ್ಣಾ?" ಅಷ್ಟೇನಿಲ್ಲ ಭಾಯ್ ಅಂದ್ವಿ. "ಹಂಗಾದ್ರೆ ಬೋರ್ ಅಂತ ಯಾಕಂದ್ರು?" ಅಂತ ಅವರು ಇಂಜಿನ್ ಓಡ್ತಿರೋವಾಗಲೇ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ತಲೆಕೆಳಗಾಗಿ ಬಾಯಿ ಮೇಲೆ ಸುಮ್ನೆ ಇಟ್ರು. ರಿಂಗ್ ಹೋಗಿದ್ರೆ ಸುಟ್ಟ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಈ ಬಾಯಿಂದ ನುಗ್ಗುತ್ತೆ, ಮುಚ್ಚಳ ಕುಣಿದು ಕೆಳಗೆ ಬೀಳುತ್ತೆ. ನಮ್ಮದು ಸಣ್ಣಗೆ ನಡುಗ್ತಿತ್ತು ಅಷ್ಟೇ, ಹಳೇ ಇಂಜಿನ್‌ಗೆ ಅಷ್ಟು ಇದ್ದದ್ದೇ.

ಆಮೇಲೆ ಮಾಡಿದ ಕೆಲಸ ಯಾವ ಓನರ್ ಬೇಕಾದ್ರೂ ಮಾಡ್ಬಹುದು, ಬರೀ ಕಿವಿ ಇದ್ರೆ ಸಾಕು. ಸ್ಟಾಪ್ ವೈರ್ ಎಳೆದು ಹಿಡ್ಕೊಂಡು, ಅಂದ್ರೆ ಇಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಸೆಲ್ಫ್ ಹೊಡೆಸಿದ್ರು. ನಾಲ್ಕೂ ಸಿಲಿಂಡರ್ ಸಮ ಇದ್ರೆ ಸೆಲ್ಫ್ ಒಂದೇ ಲಯದಲ್ಲಿ ನರಳುತ್ತೆ. ನಮ್ಮದು ಮೂರು ಸಲ ಭಾರವಾಗಿ ತಿರುಗಿ ನಾಲ್ಕನೇ ಸಲ ಹಗುರಾಗಿ ಜಾರಿಬಿಡೋದು, ಮತ್ತೆ ಮೂರು ಭಾರ, ಒಂದು ಜಾರು. ಒಂದ್ಸಲ ಆ ವ್ಯತ್ಯಾಸ ಕಿವಿಗೆ ಬಿದ್ರೆ ಮರೆಯಲ್ಲ. ಎಲ್ಲಾ ಸಿಲಿಂಡರೂ ಒಟ್ಟಿಗೆ ಸಮಾನವಾಗಿ ಸವೆದಿದ್ರೆ ಮಾತ್ರ ಈ ಸದ್ದಲ್ಲಿ ಗೊತ್ತಾಗಲ್ಲ, ಬರೀ ಸೆಲ್ಫ್ ಜೋರಾಗಿ ತಿರುಗುತ್ತೆ, ಬ್ಯಾಟರಿ ಚೆನ್ನಾಗಿದೆ ಅಂತ ಖುಷಿ ಪಡ್ತೀವಿ.

ಯಾವ ಸಿಲಿಂಡರ್ ಅಂತ ಹುಡುಕೋಕೆ ನಾಜಲ್ ಪೈಪ್ ಸಡಿಲ ಮಾಡೋ ಪರೀಕ್ಷೆ. ಇಂಜಿನ್ ಬಿಸಿ ಆಗೋ ಮುಂಚೆ ಸ್ಲೋನಲ್ಲಿ ಓಡ್ತಿರಬೇಕು, ಒಂದೊಂದೇ ನಾಜಲ್‌ಗೆ ಬರೋ ಪೈಪಿನ ನಟ್ಟನ್ನ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಸಡಿಲಿಸಿದ್ರೆ ಆ ಸಿಲಿಂಡರ್‌ಗೆ ಡೀಸೆಲ್ ಹೋಗಲ್ಲ, ಇಂಜಿನ್ ಕುಗ್ಗಬೇಕು, ಅದುರಬೇಕು. ಯಾವುದನ್ನ ಸಡಿಲಿಸಿದ್ರೂ ಏನೂ ವ್ಯತ್ಯಾಸ ಆಗಲ್ವೋ ಆ ಸಿಲಿಂಡರ್ ಮೊದಲೇ ದುಡೀತಿಲ್ಲ. ನಮ್ಮದರಲ್ಲಿ ಒಂದು, ಎರಡು, ನಾಲ್ಕು ಸಡಿಲಿಸಿದಾಗ ಇಂಜಿನ್ ಒದ್ದಾಡಿತು, ಮೂರು ಸಡಿಲಿಸಿದ್ರೆ ಅದಕ್ಕೆ ಗೊತ್ತೇ ಆಗ್ಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸುತ್ತೆ: ಇದು ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ಕಂಪ್ಯೂಟರ್ ಹತೋಟಿಯ ಹೊಸ ಸಿಆರ್‌ಡಿಐ ಗಾಡಿಲಿ ಓಡ್ತಿರೋ ಇಂಜಿನ್ನಿನ ಪೈಪ್ ಮುಟ್ಟಲೇಬಾರದು, ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಕೂದಲೆಳೆಯಷ್ಟು ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸಣ್ಣ ಚುಕ್ಕೆ ಕಂಡ್ರೂ ಒಳಗೆ ಕೈಯೇ ಹೋಗೋ ಅಪಾಯ. ಹಳೇ ಪಂಪಲ್ಲೂ ಧಾರೆ ಎದುರಿಗೆ ಬೆರಳು ಹಿಡೀಬಾರದು, ಬಟ್ಟೆ ಸುತ್ತಿ ದೂರದಿಂದ ಮಾಡ್ಬೇಕು.

ಮೂರನೇದು ದುಡೀತಿಲ್ಲ ಅಂದಾಕ್ಷಣ ಕಂಪ್ರೆಷನ್ ಇಲ್ಲ ಅಂತಲೂ ಅಲ್ಲ, ನಾಜಲ್ಲೇ ಕೆಟ್ಟಿರಬಹುದು. ಅದಕ್ಕೆ ಭಾಯ್ ಮೂರರ ನಾಜಲ್ ಎರಡಕ್ಕೆ, ಎರಡರದ್ದು ಮೂರಕ್ಕೆ ಹಾಕಿ ಮತ್ತೆ ಸಡಿಲಿಸಿ ನೋಡಿದ್ರು. ರೋಗ ನಾಜಲ್ ಜೊತೆ ಎರಡಕ್ಕೆ ಬಂದಿದ್ರೆ ಡೀಸೆಲ್ ಪಂಪ್ ಅಂಗಡಿಗೆ ಕಳಿಸಿ ಟೆಸ್ಟ್ ಮಾಡಿಸಿ ಮುಗಿಸಬಹುದಿತ್ತು. ಬರ್ಲಿಲ್ಲ, ಮೂರರಲ್ಲೇ ಕೂತಿತ್ತು. ಕಾಸಿಲ್ಲದ ಈ ಅದಲು ಬದಲು ಎಷ್ಟೋ ಜನ ಮಾಡಲ್ಲ, ಸೀದಾ ಹೊಸ ನಾಜಲ್ ಸೆಟ್ ಬರೆದುಕೊಡ್ತಾರೆ.

ಈಗ ಕಂಪ್ರೆಷನ್ ಒತ್ತಡ ಅಳೆಯೋ ಗೇಜ್. ಡೀಸೆಲ್ ಗೇಜ್ ಬೇರೆ, ಪೆಟ್ರೋಲ್ ಗೇಜ್ ಬೇರೆ, ಪೆಟ್ರೋಲಿಂದು ಮುನ್ನೂರು ಪಿಎಸ್‌ಐಗೆ (ಟೈರ್ ಗಾಳಿ ಅಳೆಯೋ ಅದೇ ಅಳತೆ) ಮುಗಿಯುತ್ತೆ, ಅದನ್ನ ಇಲ್ಲಿ ಹಾಕಿದ್ರೆ ಮುಳ್ಳು ಮುರಿಯೋದೇ. ಇಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ನಾಲ್ಕೂ ನಾಜಲ್ ಬಿಚ್ಚಿ, ಸ್ಟಾಪ್ ಎಳೆದು ಕಟ್ಟಿ, ನಾಜಲ್ ಕೂರೋ ತೂತಿಗೆ ಅದೇ ಅಳತೆಯ ಡಮ್ಮಿ ಕೂರಿಸಿ ಗೇಜ್ ಹಾಕ್ಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಇರ್ಬೇಕು, ಸೆಲ್ಫ್ ನಿಧಾನ ತಿರುಗಿದ್ರೆ ಒಳ್ಳೇ ಸಿಲಿಂಡರೂ ಕಮ್ಮಿ ತೋರಿಸುತ್ತೆ, ಅದನ್ನೇ ನೋಡಿ ಬೋರ್ ಕೆಲಸ ಬರೆದವರೂ ಇದಾರೆ. ಮುಳ್ಳು ಎಷ್ಟಕ್ಕೆ ನಿಲ್ಲುತ್ತೆ ಅನ್ನೋದರ ಜೊತೆಗೆ ಹೆಂಗೆ ಏರುತ್ತೆ ಅನ್ನೋದನ್ನೂ ನೋಡ್ಬೇಕು. ಮೊದಲ ಹೊಡೆತಕ್ಕೆ ಕಮ್ಮಿ ಇದ್ದು ಆಮೇಲೆ ಮೆಲ್ಲಮೆಲ್ಲಗೆ ಏರ್ತಾ ಹೋದ್ರೆ ರಿಂಗ್ ಕಡೆ ಅನುಮಾನ, ಮೊದಲೇ ಕಮ್ಮಿ ಇದ್ದು ಎಷ್ಟು ತಿರುಗಿಸಿದ್ರೂ ಅಲ್ಲೇ ನಿಂತ್ರೆ ಗಾಳಿ ಒಳಗೆ ಬಿಡೋ, ಹೊಗೆ ಹೊರಗೆ ಬಿಡೋ ವಾಲ್ವ್ ಕಡೆ. ನಮ್ಮದು ಒಂದರಲ್ಲಿ 360 ಪಿಎಸ್‌ಐ, ಎರಡರಲ್ಲಿ 355, ಮೂರರಲ್ಲಿ 265, ನಾಲ್ಕರಲ್ಲಿ 350. ಮೂರರ ಮುಳ್ಳು ಎರಡೇ ಹೊಡೆತಕ್ಕೆ ಅಲ್ಲಿಗೆ ಬಂದು ನಿಂತುಬಿಡ್ತು, ಮೇಲೇಳಲೇ ಇಲ್ಲ.

ಗಾಡಿ ಓನರ್, ಅಂದ್ರೆ ಚಿಕ್ಕಪ್ಪನ ಮಗ ನನ್ನ ತಮ್ಮ, ಮೊಬೈಲಲ್ಲಿ ಎಲ್ಲೋ ನೋಡ್ಕೊಂಡು, "ಭಾಯ್, ಡೀಸೆಲ್‌ಗೆ ನಾನೂರು ಇರ್ಬೇಕು ಅಂತ ಇದೆ, ನಮ್ದು ಯಾವ್ದೂ ನಾನೂರಿಲ್ವಲ್ಲ" ಅಂದ. ಅದಕ್ಕೆ ಅವರು ಕೊಟ್ಟ ಉತ್ತರ ನಂಗೆ ಬಹಳ ಇಷ್ಟ ಆಯ್ತು, "ನಾವು ಎಲ್ಲಿ ನಿಂತಿದೀವಿ ತಮ್ಮಾ, ಮಂಗಳೂರಲ್ಲಾ?" ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡನೇ ಕರಾವಳಿಗಿಂತ ಹತ್ತು ಪರ್ಸೆಂಟ್ ಹತ್ರ ಕಮ್ಮಿ. ಒಳಗೆ ಹೋಗೋ ಗಾಳಿನೇ ಕಮ್ಮಿ ಇರೋವಾಗ ಒತ್ತಿದ್ರೂ ಅಷ್ಟೇ ಕಮ್ಮಿ ಬರೋದು. ಮಂಗಳೂರಲ್ಲಿ 400 ತೋರ್ಸೋ ಸಿಲಿಂಡರ್ ಹಾಸನದಲ್ಲಿ 360 ತೋರ್ಸಿದ್ರೆ ಅದು ಆರೋಗ್ಯವಾಗೇ ಇದೆ ಅಂತ ಅರ್ಥ. ಮಡಿಕೇರಿ, ಚಿಕ್ಕಮಗಳೂರು ಕಡೆಯೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ. ಅದಕ್ಕೇ ಒಂಟಿ ಅಂಕಿ ಹಿಡ್ಕೊಂಡು ಹೆದರೋದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ನೋಡೋದು ವಾಸಿ, ಹತ್ತು ಹದಿನೈದು ಪರ್ಸೆಂಟ್ ಒಳಗಿದ್ರೆ ಪರವಾಗಿಲ್ಲ, ಅದು ದಾಟಿ ಒಂದೇ ಒಂದು ಕೆಳಗೆ ಬಿದ್ದಿದ್ರೆ ಅಲ್ಲಿ ಏನೋ ಆಗಿದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ರೆ ಅವೆರಡರ ನಡುವೆ ಹೆಡ್ ಪ್ಯಾಕಿಂಗ್ ಸುಟ್ಟಿರೋ ಸಾಧ್ಯತೆ ಜಾಸ್ತಿ. ಇದೇ ಎತ್ತರದ ವಿಷಯ ಹೊಗೆಗೂ ಸಂಬಂಧ ಪಟ್ಟಿದ್ದು, ಟರ್ಬೋ ಇಲ್ಲದ ಹಳೇ ಇಂಜಿನ್‌ನಲ್ಲಿ ಪಂಪ್ ಕೆಳಗೆ ಎಷ್ಟು ಡೀಸೆಲ್ ಕೊಡ್ತಿತ್ತೋ ಘಾಟ್ ಮೇಲೂ ಅಷ್ಟೇ ಕೊಡುತ್ತೆ, ಗಾಳಿ ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ, ಹಾಗಾಗಿ ಸಕಲೇಶಪುರ ಹತ್ರ ಆಗ್ತಾ ಸ್ವಲ್ಪ ಕಪ್ಪು ಕಾಣೋದು ಅದರ ಹುಟ್ಟುಗುಣ.

ಪೆಟ್ರೋಲ್ ಇಂಜಿನ್‌ಗೆ ಮಾಡೋ ಹಾಗೆ ಸಿಲಿಂಡರ್ ಒಳಗೆ ಆಯಿಲ್ ಸುರಿದು ಮತ್ತೆ ಗೇಜ್ ನೋಡೋ ಪದ್ಧತಿ ಡೀಸೆಲ್‌ಗೆ ಬೇಡ. ಇಲ್ಲಿ ಪಿಸ್ಟನ್ ಮೇಲೆ ಉಳಿಯೋ ಜಾಗನೇ ತೀರಾ ಕಮ್ಮಿ, ಆಯಿಲ್ ಆ ಜಾಗ ತುಂಬ್ಕೊಂಡ್ರೆ ಸುಳ್ಳು ಅಂಕಿ ಬರುತ್ತೆ, ಜಾಸ್ತಿ ಆದ್ರೆ ಕನೆಕ್ಟಿಂಗ್ ರಾಡ್ ಬಾಗೋ ಅಪಾಯ ಕೂಡ. ಅದರ ಬದಲು ಗಾಳಿ ಬಿಟ್ಟು ಕೇಳೋ ಪರೀಕ್ಷೆ. ಮೂರನೇ ಪಿಸ್ಟನ್ ಮೇಲ್ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರೋ ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ಗಾಡಿ ಗೇರಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನಾಜಲ್ ತೂತಿಂದ ಕಂಪ್ರೆಸರ್ ಗಾಳಿ ನೂರು ಪಿಎಸ್‌ಐ ಬಿಡೋದು. ಗಾಳಿ ಪಿಸ್ಟನ್ ತಳ್ಳಿ ಇಂಜಿನ್ ತಿರುಗಿಸಿಬಿಡಬಹುದು, ಅದಕ್ಕೆ ಫ್ಯಾನ್ ಬೆಲ್ಟ್ ಹತ್ರ ಯಾರೂ ಕೈ ಇಡಬಾರದು. ಆಮೇಲೆ ಎಲ್ಲಿ ಬುಸ್ ಅಂತಿದೆ ಅಂತ ಕೇಳ್ತಾ ಹೋಗೋದು. ಆಯಿಲ್ ಬಾಯಲ್ಲಿ ಬುಸ್ ಅಂದ್ರೆ ರಿಂಗ್, ಬೋರ್. ಏರ್ ಫಿಲ್ಟರ್ ಪೈಪಲ್ಲಿ ಅಂದ್ರೆ ಇನ್ಲೆಟ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ್ರೆ ಹೆಡ್ ಪ್ಯಾಕಿಂಗ್ ಅಥವಾ ಹೆಡ್ ಕ್ರ್ಯಾಕ್. ಸೈಲೆನ್ಸರ್ ಬಾಯಲ್ಲಿ ಅಂದ್ರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಬಾಯಲ್ಲಿ ಸ್ವಲ್ಪ ಸುಯ್ ಅನ್ನೋದು ಯಾವ ಇಂಜಿನ್‌ಗೂ ಇರುತ್ತೆ, ಅದಕ್ಕೆ ಗಾಬರಿ ಬೇಡ. ನಾನು ಹಿಂದೆ ಹೋಗಿ ಕೂತು ಸೈಲೆನ್ಸರ್ ಬಾಯಿಗೆ ಕಿವಿ ಕೊಟ್ಟೆ. ಸದ್ದು ಅಲ್ಲಿತ್ತು, ಮಸಿ ವಾಸನೆ ಜೊತೆಗೆ ತಣ್ಣನೆ ಗಾಳಿ ಕೆನ್ನೆಗೆ ತಾಕ್ತಿತ್ತು, ಆದ್ರೆ ಆ ಗಾಳಿ ಇರ್ಬೇಕಾದಷ್ಟು ಜೋರಾಗಿ ಇರ್ಲಿಲ್ಲ. ಮುಂದೆ, ನಾಲ್ಕೂ ಸಿಲಿಂಡರಿನ ಹೊಗೆ ಬಂದು ಸೇರೋ ಮ್ಯಾನಿಫೋಲ್ಡ್ ಹತ್ರ ಕೈ ಒಡ್ಡಿದ್ರೆ ಅಲ್ಲೂ ಬರ್ತಿತ್ತು.

ಇಲ್ಲಿ ಭಾಯ್ ಒಂದು ಮಾತು ಹೇಳಿದ್ರು, ನನ್ನ ಮಟ್ಟಿಗೆ ಈ ಇಡೀ ಕೆಲಸದ ಜೀವಾಳ ಅದೇ. ಮೂರನೇ ಸಿಲಿಂಡರ್ ಬೆಳಗ್ಗೆ ಸತ್ತಿರುತ್ತೆ ಸರಿ, ಬಿಸಿ ಆದ ಮೇಲೆ ದುಡಿಯೋಕೆ ಶುರು ಮಾಡುತ್ತೆ, ಹಂಗಿದ್ದಾಗ ಬಿಸಿ ಇಂಜಿನ್ ಘಾಟ್‌ನಲ್ಲಿ ಇಷ್ಟು ಸುಸ್ತಾಗೋಕೆ ಇದೊಂದೇ ಕಾರಣ ಸಾಲದು. ಬಿಳಿ ಹೊಗೆಗೆ ಲೆಕ್ಕ ಸಿಕ್ತು, ಕಪ್ಪು ಹೊಗೆಗೆ ಸಿಗ್ಲಿಲ್ಲ. ಹೆಡ್ ಇಳಿಸೋ ಮುಂಚೆ ಹೊಗೆ ಹೋಗೋ ದಾರಿನೂ ನೋಡೋಣ ಅಂದ್ರು. ಒಂದು ತಪ್ಪು ಸಿಕ್ಕಿದ ಕೂಡಲೇ ಎಲ್ಲದಕ್ಕೂ ಅದೇ ಕಾರಣ ಅಂತ ಹುಡುಕೋದನ್ನ ನಿಲ್ಲಿಸೋದು ಸುಲಭ, ಹಳೇ ಗಾಡಿಲಿ ಮಾತ್ರ ಎರಡು ಮೂರು ರೋಗ ಒಂದರ ಮೇಲೊಂದು ಕೂತಿರುತ್ತೆ, ಒಂದೊಂದು ಲಕ್ಷಣಕ್ಕೂ ಪ್ರತ್ಯೇಕ ಉತ್ತರ ಕೇಳ್ಬೇಕು.

ಚಫ್ ಚಫ್ ಸದ್ದಿನ ಮೂಲ ಸಿಗೋದು ಕಷ್ಟ ಆಗ್ಲಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್‌ಗೆ ಕೂರೋ ಜಾಗದಲ್ಲಿ, ನಾಲ್ಕನೇ ಸಿಲಿಂಡರಿನ ಹೊಗೆ ಬರೋ ಪೋರ್ಟ್ ಪಕ್ಕ, ಕಪ್ಪು ಮಸಿ ಬೀಸಣಿಗೆ ಹರಡಿದ ಹಾಗೆ ಹೆಡ್ ಮೇಲೆ ಬಡಿದಿತ್ತು, ಅಲ್ಲಿ ಮ್ಯಾನಿಫೋಲ್ಡ್ ಹಿಡಿದಿಡೋ ಒಂದು ಸ್ಟಡ್ (ಬೋಲ್ಟ್) ತುಂಡಾಗಿ ಒಳಗೇ ಉಳಿದಿತ್ತು. ತಣ್ಣಗಿದ್ದಾಗ ಸಂದು ಬಿಟ್ಕೊಂಡಿರುತ್ತೆ, ಬಿಸಿ ಆದ್ರೆ ಎರಕದ ಮ್ಯಾನಿಫೋಲ್ಡ್ ಹಿಗ್ಗಿ ಸಂದು ಮುಚ್ಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಬಹಳ ಜನ ಇದನ್ನ ವಾಲ್ವ್ ಒತ್ತಿ ತೆರೆಯೋ ಟ್ಯಾಪೆಟ್‌ನ ಸದ್ದು ಅಂದ್ಕೊಂಡು ಟ್ಯಾಪೆಟ್ ಟೈಟ್ ಮಾಡಿಸ್ತಾರೆ, ಅದರಿಂದ ಏನಾಗುತ್ತೆ ಅಂತ ಆಮೇಲೆ ಹೇಳ್ತೀನಿ.

ಸೈಲೆನ್ಸರ್ ಕಟ್ಟಿದ್ಯಾ ಅಂತ ನೋಡೋಕೆ ಅವರು ಮಾಡಿದ್ದು ತುಂಬಾ ಸರಳ. ನಾಜಲ್‌ಗಳನ್ನ ಹೊಸ ತಾಮ್ರದ ವಾಷರ್ ಹಾಕಿ ವಾಪಸ್ ಕೂರಿಸಿ, ಮ್ಯಾನಿಫೋಲ್ಡಿಂದ ಕೆಳಗಿಳಿಯೋ ಫ್ರಂಟ್ ಪೈಪಿನ ಜಾಯಿಂಟ್ ಸಡಿಲಿಸಿ ಒಂದು ಬೆರಳು ಸಂದು ಬಿಟ್ಟು, ಗಾಡಿಗೆ ಇದ್ದ ಲೋಡ್ ಸಮೇತ ಊರಾಚೆ ಏರಿಗೆ ಒಂದು ಸುತ್ತು ಹೊಡ್ಸಿದ್ರು. ಸದ್ದು ಟ್ರ್ಯಾಕ್ಟರಿಗಿಂತ ಜೋರು, ಆದ್ರೆ ತಮ್ಮ ಇಳಿದು ಬಂದವನೇ "ಅಣ್ಣ, ಗಾಡಿ ಹಾರುತ್ತೆ" ಅಂದ. ಮೂರನೇ ಗೇರಲ್ಲಿ ಎಳೆದಿತ್ತು. ಹೊಗೆಗೆ ಸೈಲೆನ್ಸರ್ ದಾರಿ ತಪ್ಪಿಸಿ ಬೇರೆ ದಾರಿ ಕೊಟ್ಟ ತಕ್ಷಣ ಎಳೆತ ಬಂತು ಅಂದ್ರೆ ಅಡ್ಡಿ ಇರೋದು ಆ ಜಾಯಿಂಟಿನಿಂದಾಚೆಗೆ, ಇದಕ್ಕಿಂತ ಪುರಾವೆ ಬೇಕಾ? ಪರೀಕ್ಷೆಗೆ ಬಿಟ್ಟು ಹೀಗೆ ಓಡಿಸಬಾರದು ಅನ್ನೋದು ಬೇರೆ ಹೇಳ್ಬೇಕಾಗಿಲ್ಲ, ಬಿಸಿ ಗ್ಯಾಸ್ ವೈರಿಂಗ್‌ಗೆ, ಡೀಸೆಲ್ ಪೈಪ್‌ಗೆ ಹೊಡೆದ್ರೆ ಬೆಂಕಿ. ಗೇಜ್ ಹಾಕಿಯೇ ನೋಡ್ಬೇಕು ಅಂದ್ರೆ ಫ್ರಂಟ್ ಪೈಪಿಗೆ ಒಂದು ನಟ್ ವೆಲ್ಡ್ ಮಾಡಿ ಕಮ್ಮಿ ಒತ್ತಡದ ಗೇಜ್ ಕೂರಿಸಬಹುದು, ಇಂಥಾ ಗಾಡಿಲಿ ಒಂದೆರಡು ಪಿಎಸ್‌ಐ ಮೇಲೆ ಹೋದ್ರೆ ದಾರಿ ಕಟ್ಟಿದೆ ಅಂತಲೇ ಲೆಕ್ಕ.

ಸೈಲೆನ್ಸರ್ ಕತ್ತರಿಸಿ ನೋಡಿದಾಗ ಒಳಗಿನ ಅಡ್ಡ ತಗಡೊಂದು ಬುಡದಲ್ಲಿ ತುಕ್ಕು ತಿಂದು ಕಳಚಿ, ತೂತಿನ ಪೈಪಿಗೆ ಅಡ್ಡವಾಗಿ ಒರಗಿತ್ತು, ಮೇಲೆ ಬೆರಳು ದಪ್ಪ ಮಸಿ. ಹೊರಗಿನ ತಗಡು ಮಾತ್ರ ಚೆನ್ನಾಗೇ ಇತ್ತು. ಡೀಸೆಲ್ ಸುಟ್ರೆ ನೀರಾವಿ ಹುಟ್ಟುತ್ತೆ, ಡೀಸೆಲ್‌ನಲ್ಲಿರೋ ಗಂಧಕ ಸೇರಿ ಸಣ್ಣಗೆ ಆಸಿಡ್ ಆಗುತ್ತೆ, ಸೈಲೆನ್ಸರ್ ಒಳಗೇ ಕೂತು ತಗಡು ತಿನ್ನುತ್ತೆ. ಸರ್ಕಾರದ ಮಾಲಿನ್ಯ ಮಟ್ಟದ (ಭಾರತ್ ಸ್ಟೇಜ್) ಲೆಕ್ಕದಲ್ಲಿ ಬಿಎಸ್3 ಕಾಲದ ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂ ತನಕ ಇರ್ತಿತ್ತು, 2017ರಿಂದ ದೇಶಪೂರ್ತಿ ಬಿಎಸ್4 ಬಂದ ಮೇಲೆ 50, 2020ರ ಬಿಎಸ್6 ಡೀಸೆಲ್‌ನಲ್ಲಿ 10. ಡೀಸೆಲ್ ಎಷ್ಟೋ ವಾಸಿ ಆಗಿದೆ, ಆದ್ರೆ ಹಳೇ ಸೈಲೆನ್ಸರ್ ಹಳೇ ಡೀಸೆಲ್ ಉಂಡಿರೋದು, ಮೇಲಿಂದ ಕರಾವಳಿಯ ಉಪ್ಪುಗಾಳಿ, ಮೀನಿನ ನೀರು.

ಅದಾದ ಮೇಲೇ ಹೆಡ್ ಇಳಿಸಿದ್ದು, ಬೋರ್ ಮುಟ್ಟಲಿಲ್ಲ. ಲೈನರ್ ಗೋಡೆ ಮೇಲೆ, ಅಂದ್ರೆ ಬೋರ್ ಮೇಲೆ, ಹೊಸದರಲ್ಲಿ ಹಾಕಿದ್ದ ಹೋನಿಂಗ್ ಗೆರೆ ಇನ್ನೂ ಅಲ್ಲಲ್ಲಿ ಕಾಣ್ತಿತ್ತು, ಮೇಲಿನ ಅಂಚಲ್ಲಿ ಉಗುರಿಗೆ ಸಿಗೋ ಅಂಥಾ ಮೆಟ್ಟಿಲು ಆಗಿರ್ಲಿಲ್ಲ. ಮೂರರ ಎಕ್ಸಾಸ್ಟ್ ವಾಲ್ವ್ ಈಚೆ ತೆಗೆದು ಭಾಯ್ ನನ್ನ ಕೈಗೆ ಕೊಟ್ರು. ಮಿಕ್ಕ ವಾಲ್ವ್‌ಗಳ ಅಂಚು ಬೂದು ಬಣ್ಣ, ಸುತ್ತಲೂ ಒಂದೇ ಅಗಲದ ಹೊಳೆಯೋ ಪಟ್ಟಿ. ಇದರ ಪಟ್ಟಿ ಒಂದು ಕಡೆ ಅಗಲ, ಒಂದು ಕಡೆ ಮಾಯ, ಮಾಯ ಆದ ಕಡೆ ಅಂಚಲ್ಲಿ ಅಕ್ಕಿಕಾಳಷ್ಟು ಕಚ್ಚು, ಅದರ ಸುತ್ತ ಸುಣ್ಣದ ಹಾಗೆ ಬೆಳ್ಳಗೆ. ಇಷ್ಟೇ ಇಷ್ಟು ಸಂದಿಗೆ ನೂರು ಪಿಎಸ್‌ಐ ಹತ್ರ ಹೋಗಿತ್ತು.

ಸುಟ್ಟಿದ್ದು ಯಾಕೆ ಅಂದ್ರೆ ಟ್ಯಾಪೆಟ್. ಓಡಿ ಓಡಿ ವಾಲ್ವ್ ತನ್ನ ಸೀಟಲ್ಲಿ ಒಳಗೆ ಇಳೀತಾ ಹೋಗುತ್ತೆ, ಇಳಿದಷ್ಟೂ ಅದರ ಬಾಲ ಮೇಲೆ ಬರುತ್ತೆ, ಅದನ್ನ ಒತ್ತೋ ರಾಕರ್‌ಗೂ ಅದಕ್ಕೂ ಇರೋ ಸಂದು ಸದ್ದಿಲ್ಲದೆ ಕಮ್ಮಿ ಆಗುತ್ತೆ. ಕೊನೆಗೆ ಸಂದೇ ಇಲ್ಲ ಅಂದಾಗ ವಾಲ್ವ್ ಪೂರ್ತಿ ಕೂರಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಮೈ ಬಿಸಿ ಇಳಿಸ್ಕೊಳ್ಳೋದು ಸೀಟಿಗೆ ಒತ್ತಿ ಕೂತಾಗ, ಕೂರೋಕೆ ಬಿಡದಿದ್ರೆ ಸುಡದೆ ಇನ್ನೇನು. ಟಕ ಟಕ ಅನ್ನೋ ಟ್ಯಾಪೆಟ್‌ಗೆ ಎಲ್ಲರೂ ಹೆದರ್ತಾರೆ, ನಾನು ಹೇಳೋದು ಸದ್ದೇ ಮಾಡದ ಟ್ಯಾಪೆಟ್‌ಗೆ ಹೆದರಿ. ಮ್ಯಾನಿಫೋಲ್ಡ್ ಸದ್ದನ್ನ ಟ್ಯಾಪೆಟ್ ಸದ್ದು ಅಂದ್ಕೊಂಡು ಟೈಟ್ ಮಾಡಿದ್ರೆ ಅಪಾಯ ಅಂದಿದ್ದು ಇದಕ್ಕೇ. ಅದರ ಜೊತೆಗೆ ಸೈಲೆನ್ಸರ್ ಕಟ್ಟಿ ಸುಡು ಗ್ಯಾಸ್ ಹೊರಗೆ ಹೋಗದೆ ವಾಲ್ವ್ ಹತ್ರನೇ ತಡೆದು ನಿಂತಿದ್ದೂ ಸೇರಿದೆ ಅಂತ ಭಾಯ್ ಅಂದ್ರು, ನಂಗೂ ಅದು ಒಪ್ಪಿಗೆ. ಕಂಪ್ರೆಷನ್ ರೋಗ ಬೇರೆ, ಎಕ್ಸಾಸ್ಟ್ ರೋಗ ಬೇರೆ ಅಂತ ಶುರುವಾಗಿದ್ದು ಕೊನೆಗೆ ಒಂದೇ ವಾಲ್ವ್ ಹತ್ರ ಬಂದು ಸೇರ್ತು.

ರಿಪೇರಿ ಬಗ್ಗೆ ಜಾಸ್ತಿ ಬರೆಯೋದೇನಿಲ್ಲ. ಹೆಡ್ ಲೇಥ್ ಅಂಗಡಿಗೆ ಹೋಯ್ತು, ಮೂರರ ಸೀಟ್ ಬದಲು, ಎಕ್ಸಾಸ್ಟ್ ವಾಲ್ವ್ ನಾಲ್ಕೂ ಹೊಸದು, ಪೇಸ್ಟ್ ಹಾಕಿ ಉಜ್ಜಿ ಕೂರಿಸಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ಜಿನುಗುತ್ತಾ ನೋಡಿದ್ರು, ಹೆಡ್ ಫೇಸ್ ಸ್ಕೇಲ್ ಇಟ್ಟು ನೋಡಿ ಸಣ್ಣಗೆ ಫೇಸಿಂಗ್ ಹೊಡ್ಸಿದ್ರು, ಮುರಿದ ಸ್ಟಡ್ ಡ್ರಿಲ್ ಹಾಕಿ ತೆಗೆದ್ರು, ಹೊಸ ಪ್ಯಾಕಿಂಗ್, ಹೊಸ ಸೈಲೆನ್ಸರ್. ಫುಲ್ ಇಂಜಿನ್‌ಗೆ ಹೇಳಿದ್ದ ದುಡ್ಡಿನ ಮೂರನೇ ಒಂದು ಭಾಗದಲ್ಲಿ ಎಲ್ಲಾ ಮುಗೀತು. ಟ್ಯಾಪೆಟ್ ಇಡೋವಾಗ ಅವರ ಒಂಬತ್ತರ ಲೆಕ್ಕ ತಮ್ಮನಿಗೂ ಕಲಿಸಿದ್ರು, ಎಂಟು ವಾಲ್ವ್ ಸಾಲಲ್ಲಿ ಒಂದನೇದು ಪೂರ್ತಿ ತೆರೆದಿದ್ರೆ ಎಂಟನೇದು ಅಡ್ಜಸ್ಟ್ ಮಾಡು, ಎರಡು ತೆರೆದಿದ್ರೆ ಏಳು, ಮೂರು ತೆರೆದಿದ್ರೆ ಆರು, ಕೂಡಿದ್ರೆ ಒಂಬತ್ತು ಬರ್ಬೇಕು. ಸಂದಿನ ಅಳತೆ ಮಾತ್ರ ನಿಮ್ಮ ಗಾಡಿ ಮ್ಯಾನುಯಲ್‌ನಲ್ಲಿ ಇರೋದೇ ಇಡಿ, ಬಿಸಿಗೆ ಎಷ್ಟು ತಣ್ಣಗಿದ್ದಾಗ ಎಷ್ಟು ಅನ್ನೋದು ಇಂಜಿನ್‌ಗೆ ತಕ್ಕ ಹಾಗೆ ಬೇರೆ ಬೇರೆ.

ಮ್ಯಾನಿಫೋಲ್ಡ್ ಲೀಕ್ ಬಗ್ಗೆ ಇನ್ನೊಂದು ಹೇಳ್ಲೇಬೇಕು, ಯಾಕಂದ್ರೆ ಅದನ್ನ ಬರೀ ಸದ್ದಿನ ವಿಷಯ ಅಂತ ಬಿಟ್ಟುಬಿಡ್ತಾರೆ. ಹಳೇ ಪಿಕಪ್‌ನಲ್ಲಿ ಗೇರ್ ಲಿವರ್ ಬುಡದ ರಬ್ಬರ್ ಹರಿದಿರುತ್ತೆ, ಕ್ಲಚ್ ಪೆಡಲ್ ಹತ್ರ ತೂತಿರುತ್ತೆ, ಬಾನೆಟ್ ಒಳಗೆ ಸೋರಿದ ಹೊಗೆ ಸೀದಾ ಕ್ಯಾಬಿನ್‌ಗೇ ಬರೋದು. ರಾತ್ರಿ ಪೂರ್ತಿ ಗಾಜು ಏರಿಸ್ಕೊಂಡು ಓಡಿಸೋ ಡ್ರೈವರ್, ಪಕ್ಕದಲ್ಲಿ ನಿದ್ದೆ ಹೋಗಿರೋ ಹುಡುಗ, ಇಬ್ಬರೂ ಅದನ್ನೇ ಉಸಿರಾಡೋದು. ಬೆಳಗ್ಗೆ ಆದ್ರೆ ತಲೆನೋವು, ನಿದ್ದೆಗೆಟ್ಟಿದ್ದಕ್ಕೆ ಅಂದ್ಕೋತಾರೆ. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರೋ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲನೇ ಗುಂಪಿಗೆ ಸೇರಿಸಿದೆ. ಒಂದು ಪ್ಯಾಕಿಂಗ್, ಒಂದು ಸ್ಟಡ್, ಒಂದು ರಬ್ಬರ್, ಇವಕ್ಕೆ ದುಡ್ಡು ಉಳಿಸಬೇಡಿ. ಗಾಡಿ ನಿಲ್ಲಿಸಿ ಇಂಜಿನ್ ಆನ್ ಇಟ್ಟು ಒಳಗೆ ಮಲಗೋದಂತೂ ಬೇಡವೇ ಬೇಡ.

ಎಮಿಷನ್ ಟೆಸ್ಟ್ ಪಾಸ್ ಆಗಿದೆಯಲ್ಲ, ಇಂಜಿನ್ ಚೆನ್ನಾಗಿದೆ ಅಂತ ಕೆಲವರು ವಾದ ಮಾಡ್ತಾರೆ. ಆ ಟೆಸ್ಟ್ ನಡೆಯೋದು ಇಂಜಿನ್ ಬಿಸಿ ಇರೋವಾಗ, ನಿಂತ ಗಾಡಿಲಿ ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆ ನೋಡ್ತಾರೆ, ಬಿಎಸ್4ಗಿಂತ ಹಳೇ ಡೀಸೆಲ್ ಗಾಡಿಗೆ 65 ಎಚ್‌ಎಸ್‌ಯು (ಹೊಗೆ ದಟ್ಟಣೆಯ ಅಳತೆ), ಬಿಎಸ್4ಗೆ 50 ದಾಟಬಾರದು. ಬೆಳಗಿನ ಬಿಳಿ ಹೊಗೆ, ಒಂದು ಸಿಲಿಂಡರಿನ ಮಿಸ್ಸಿಂಗ್ ಆ ಹೊತ್ತಿಗೆ ಮಾಯ ಆಗಿರುತ್ತೆ, ನಮ್ಮ ಗಾಡಿನೂ ಅಷ್ಟೆಲ್ಲಾ ರೋಗ ಇಟ್ಕೊಂಡೇ ಪಾಸ್ ಆಗಿತ್ತು. ಆದ್ರೂ ಆ ಚೀಟಿ ಎಸೀಬೇಡಿ, ಪ್ರತಿ ಸಲದ ಅಂಕಿ ಜೋಡಿಸಿ ನೋಡಿದ್ರೆ ಮೆಲ್ಲಗೆ ಏರ್ತಿದ್ಯಾ ಅಂತ ಗೊತ್ತಾಗುತ್ತೆ, ಏರಿದ್ರೆ ಏರ್ ಫಿಲ್ಟರ್, ನಾಜಲ್, ಸೈಲೆನ್ಸರ್ ಈ ಮೂರನ್ನ ನೋಡಿಸಿ. ಸುಟ್ಟ ಹೊಗೆಯಲ್ಲಿ ಸ್ವಲ್ಪ ವಾಪಸ್ ಇಂಜಿನ್‌ಗೆ ಬಿಡೋ ಇಜಿಆರ್ ಇರೋ ಗಾಡಿ ಆದ್ರೆ ಅದರ ವಾಲ್ವ್ ತೆರೆದೇ ಸಿಕ್ಕಿಹಾಕ್ಕೊಂಡಿದ್ಯಾ ಅಂತಲೂ ನೋಡ್ಬೇಕು, ಅದೂ ಇದೇ ಥರ ಕಪ್ಪು ಹೊಗೆ ಬಿಟ್ಟು ಎಳೆತ ತಿನ್ನುತ್ತೆ, ಅದನ್ನೂ ಬೋರ್ ಖಾತೆಗೇ ಬರೀತಾರೆ.

ಕೆಲಸ ಆದ ಮೇಲೆ ಮತ್ತೆ ಗೇಜ್ ಹಾಕಿದಾಗ ಮೂರರಲ್ಲಿ 355 ಬಂತು. ಸ್ವಲ್ಪ ದಿನ ಓಡಿದ ಮೇಲೆ ಟ್ಯಾಪೆಟ್ ಇನ್ನೊಂದ್ಸಲ ನೋಡಿ ಸರಿ ಮಾಡಿದ್ರು, ಹೊಸ ವಾಲ್ವ್ ಸೀಟಲ್ಲಿ ಕೂತ್ಕೊಳ್ಳೋವಾಗ ಸಂದು ಬದಲಾಗುತ್ತೆ, ಇದನ್ನ ಮಾತ್ರ ಯಾರೂ ತಪ್ಪಿಸಬೇಡಿ. ನಾಲ್ಕೂ ಸಿಲಿಂಡರಿನ ಅಂಕಿ, ತಾರೀಕು, ಕಿಲೋಮೀಟರ್, ಹಾಸನದಲ್ಲಿ ತೆಗೆದಿದ್ದು, ಇಂಜಿನ್ ಬಿಸಿ ಇತ್ತು, ಬ್ಯಾಟರಿ ಹೊಸದು, ಇಷ್ಟನ್ನೂ ತಮ್ಮ ಒಂದು ಚೀಟಿಲಿ ಬರೆದು ಆರ್‌ಸಿ ಇಡೋ ಕವರ್‌ಗೆ ಹಾಕಿದಾನೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಹೆಂಗಿದ್ರೂ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಅದಕ್ಕೆ ಮುಂಚೆ ಅದೇ ಶೆಡ್‌ನಲ್ಲಿ ಅದೇ ಗೇಜ್ ಹಾಕಿಸಿ ಈ ಚೀಟಿ ಕೆಳಗೇ ಹೊಸ ಸಾಲು ಬರೆಯೋದು ಅಂತ ಇಬ್ಬರೂ ಮಾತಾಡ್ಕೊಂಡಿದೀವಿ.